ಯಾರ ಮನೆಯ ಬಿಸಿಲೋ

ಲಕ್ಷ್ಮೀಪುರಂನ ನಮ್ಮ ಮನೆಯ ಹಜಾರದಲ್ಲಿ, ದಿವಾನದ ಪಕ್ಕ, ಆಮ್ಲಜನಕದ ಯಂತ್ರವೊಂದು ದಿನವಿಡೀ ಗುಂಯ್‌ಗುಡುತ್ತಿರುತ್ತದೆ. ಯಜಮಾನರ ಶ್ವಾಸಕೋಶಕ್ಕೆ ಈಗ ಅದಿಲ್ಲದೆ ಆಗದು. ಬೀದಿಯವರಿಗೆ ಮಾತ್ರ ಈ ಸಂಗತಿಯನ್ನು ನಾವು ಹೇಳಿರಲಿಲ್ಲ. ಜೀವಮಾನವೆಲ್ಲ ಗಟ್ಟಿ ದನಿಯಲ್ಲಿ ಪಾಠ ಹೇಳಿದ ಮೇಷ್ಟರಿಗೆ ಪರರ ಕನಿಕರ ರೋಗಕ್ಕಿಂತ ಭಾರ.

ಬೀದಿಯ ಕೊನೆಮನೆಯ ವಸುಧಾ ಊರಂಚಿನ ಹೆಬ್ಬಾಳದಲ್ಲಿ ಇಂಜಿನಿಯರು. ಕಳೆದ ಬೇಸಿಗೆಯಲ್ಲಿ ಅವಳು ಕೆಲವು ಮನೆಗಳ ತಾರಸಿಯ ಸೋಲಾರ್ ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿ, ಮನೆಗೊಂದು ಪುಟ್ಟ ಪೆಟ್ಟಿಗೆ ಕೂರಿಸಿದಳು. ಕರೆಂಟು ಸಾಲದ ಮನೆಯ ಪೆಟ್ಟಿಗೆ ಮಿಕ್ಕಿರುವ ಮನೆಯ ಪೆಟ್ಟಿಗೆಯಿಂದ ತಾನೇ ಕೊಂಡುಕೊಂಡು, ಪೈಸೆಗಿಂತ ಸಣ್ಣ ಚೂರುಗಳಲ್ಲಿ, ಕ್ರಿಪ್ಟೊ ನಾಣ್ಯದಲ್ಲಿ, ಆಗಿಂದಾಗಲೇ ಬೆಲೆ ಸಲ್ಲಿಸುತ್ತದಂತೆ. ನನಗೆ ನಂಬಿಕೆಯಿರಲಿಲ್ಲ, ಬೇಡವೆನ್ನಲು ಸಂಕೋಚವಾಗಿ ಒಪ್ಪಿದ್ದೆ.

ಮೊನ್ನೆ ಮಧ್ಯಾಹ್ನ ಬಿರುಗಾಳಿಗೆ ಮರವುರುಳಿ ಕರೆಂಟು ಹೋಯಿತು. ನಮ್ಮ ಬ್ಯಾಟರಿ ಬರಿದಾಗುತ್ತ ಬಂತು. ಕರೆಸಿದ ಆಂಬುಲೆನ್ಸು ಬಿದ್ದ ಮರದಾಚೆಯೇ ನಿಂತಿತು. ಯಜಮಾನರ ಕೈ ಹಿಡಿದು, ಯಂತ್ರದ ಸದ್ದು ಅಡಗುವುದನ್ನೇ ಕಾಯುತ್ತ ಕೂತೆ. ಅದು ಅಡಗಲಿಲ್ಲ. ಪೆಟ್ಟಿಗೆಯ ಹಸಿರು ದೀಪ ಮಿಣುಕತೊಡಗಿತು. ಯಾರದೋ ಮನೆಯ ಮೇಲೆ ಬಿದ್ದ ಬಿಸಿಲು ಗುಟುಕು ಗುಟುಕಾಗಿ ನಮ್ಮ ಮನೆಯ ಉಸಿರಾಯಿತು.

ಮರುದಿನ ವಸುಧಾಳನ್ನು ಕೇಳಿದೆ: “ಯಾರ ಮನೇದಮ್ಮ ಅದು? ಕೈಮುಗಿದು ಬರ್ತೀನಿ.”

“ನಂಗೂ ಗೊತ್ತಾಗಲ್ಲ ಆಂಟಿ, ಆ ನಾಣ್ಯದ ಲೆಕ್ಕದಲ್ಲಿ ಯಾರ ಹೆಸರೂ ಬೀಳಲ್ಲ. ಗೊತ್ತಾಗಬಾರದು ಅಂತ್ಲೇ ಹಾಗ್ ಮಾಡಿರೋದು. ಯಾರ ಮನೇಲಿ ಯಾವ ಮೆಷಿನ್ ಓಡುತ್ತೆ ಅನ್ನೋದು ಬೀದಿಗೆಲ್ಲ ಯಾಕೆ ತಿಳೀಬೇಕು?”

ನಮ್ಮ ಗುಟ್ಟೇನೆಂದು ತಿಳಿಯದೆಯೇ ಅದನ್ನು ಕಾಪಾಡಿದ್ದಳು ಹುಡುಗಿ. ಆದರೆ ಗೆಳೆಯರೇ, ಬೆಲೆಯೇನೋ ನಾಣ್ಯದಲ್ಲಿ ಸಂದಿತ್ತು. ವಿಳಾಸವಿಲ್ಲದ ಕೃತಜ್ಞತೆಯನ್ನು ನಾನು ಎಲ್ಲಿಗೆ ಸಲ್ಲಿಸಲಿ? ಒಬ್ಬರದೆಂದು ತಿಳಿಯದಿದ್ದಾಗ ಎಲ್ಲರದೂ ಎಂದುಕೊಳ್ಳುವುದೇ ಸರಿಯೆನ್ನಿಸಿ, ಕೋಡುಬಳೆ ಕರಿದು ಪೆಟ್ಟಿಗೆಯಿದ್ದ ಮನೆಗಳಿಗೆಲ್ಲ ಹೊರಟೆ.

ಎದುರುಮನೆಯ ಜವರಯ್ಯನವರೊಡನೆ ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಗಿ ಮಾತು ನಿಂತಿತ್ತು. “ಏನಮ್ಮಾ ವಿಶೇಷ?” ಎಂದರು, ಬಾಗಿಲಲ್ಲೇ ನಿಂತು. ‘ಸುಮ್ಮನೆ’ ಎನ್ನಬೇಕೆಂದಿದ್ದವಳು ಎಲ್ಲವನ್ನೂ ಹೇಳಿಬಿಟ್ಟೆ. ಯಾರಿಂದಲೂ ಬಯಲಾಗದ ಗುಟ್ಟನ್ನು ನಾವಾಗಿಯೇ ಬಿಚ್ಚುವಾಗ ಎದೆ ಎಷ್ಟು ಹಗುರ!

ಅವರು ತಟ್ಟೆ ಇಸಿದುಕೊಂಡು ಒಂದು ಕೋಡುಬಳೆ ಮುರಿದರು. “ನಮ್ದೇ ಇರ್ಬೋದು, ಅಲ್ದೇನೂ ಇರ್ಬೋದು. ಬುಡಿ ಅತ್ಲಾಗೆ. ಮೇಷ್ಟ್ರು ಚೆಸ್ ಆಡ್ತಾರಾ?”

ಸಂಜೆ ಬಂದೇಬಂದರು. ಮೊದಲ ಆಟ ಸೋತ ಯಜಮಾನರು, ಮೂಗಿನ ನಳಿಕೆಯನ್ನೂ ಮರೆತು, ಹಳೆಯ ತರಗತಿಯ ದನಿಯಲ್ಲಿ ಅವರೊಡನೆ ವಾದಕ್ಕಿಳಿದರು.