ನಾನು ತಿಕ್ಕಿದ ಅರ್ಧ ತಗಡು

ಕಲಬುರಗಿಯ ರಸ್ತೆಯ ಡಾಂಬರು ಕರಗುವಂಥ ಬಿಸಿಲಿನಲ್ಲಿ ನನ್ನ ಬೆರಳು ಹೆಪ್ಪುಗಟ್ಟಿದ ಬರ್ಫಕ್ಕೆ ಅಂಟಿಕೊಂಡಿತು. ಇಲ್ಲಿನ ಮೋಮಿನಪುರ ಓಣಿಯಲ್ಲಿ ಕುಲ್ಫಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರ ದೊಡ್ಡ ಫ್ರೀಜರಿನ ಒಳಗೋಡೆ ಬೆಳ್ಳಗಿತ್ತು. ಸುಣ್ಣ ಬಳಿದಿದ್ದಾರೆಂದು ತಿಳಿದು ಒದ್ದೆ ಕೈಯಲ್ಲಿ ಮುಟ್ಟಿದೆ. ಕೈ ಬಿಡಲೇ ಇಲ್ಲ.

"ಎಳೀಬ್ಯಾಡ್ರಿ ಅಮ್ಮಾ, ಚಮಡಾ ಕಿತ್ತು ಬರ್ತದ," ಎಂದು ಚಾಚಾ ನೀರು ಸುರಿದು ಬಿಡಿಸಿದರು. ನಮ್ಮ ಕಮಲಾಪುರದಲ್ಲಿ ಕಬ್ಬಿಣ ಕಾದು ಕೈ ಸುಡುತ್ತದೆ. ಇಲ್ಲಿ ತಣ್ಣಗಾಗಿಯೂ ಸುಡುತ್ತದೆಂದು ಅವತ್ತು ಗೊತ್ತಾಯಿತು.

ಊರಿನ ನನ್ನ ಜನರೇ, ನಾನು ಇಲ್ಲಿಗೆ ಬಂದದ್ದು ಮೊಮ್ಮಗಳು ಭಾಗ್ಯಳಿಗೆ ರೊಟ್ಟಿ ಬಡಿದು ಹಾಕಲು. ಅವಳದು ಎಂಜಿನಿಯರಿಂಗಿನ ಕೊನೆಯ ವರ್ಷ. ಖೂಬಾ ಪ್ಲಾಟ್ ಬಡಾವಣೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದಿದ್ದೇವೆ. ಬಸ್ಸಿನಲ್ಲಿ ಬಂದರೆ ದೂರವೇನಲ್ಲ, ಆದರೆ ನಮ್ಮೂರಲ್ಲಿ ಬೆಳಗಾದರೆ ಓಣಿಯ ಅಷ್ಟೂ ಮನೆಗಳ ರೊಟ್ಟಿ ಬಡಿಯುವ ಸದ್ದು ಒಂದಕ್ಕೊಂದು ಉತ್ತರ ಕೊಡುತ್ತದೆ. ಇಲ್ಲಿ ನನ್ನದೊಂದೇ ಸದ್ದು. ಮೇಲಿನ ಮನೆಯಾಕೆ ಇಳಿದು ಬಂದು ಏನು ಕುಟ್ಟುತ್ತಿದ್ದೀರಿ ಎಂದು ಕೇಳಿದಳು. ಎರಡು ಬಿಸಿ ರೊಟ್ಟಿ ಕೊಟ್ಟೆ. ಈಗ ಅವಳೇ ತಾಟು ಹಿಡಿದು ಬರುತ್ತಾಳೆ.

ಭಾಗ್ಯ ಕಲಿಯುತ್ತಿದ್ದದ್ದು ತಗಡಿಗೆ ಬರ್ಫ ಹಿಡಿಯದಂತೆ ಮಾಡುವ ವಿದ್ಯೆ. ಕೋಟಿಂಗ್ ಎನ್ನುತ್ತಾರೆ. ನಾವು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವಲ್ಲ, ಹಾಗೆ ಒಂದು ಲೇಪ. ಅದನ್ನು ಹಚ್ಚಿದ ತಗಡಿನ ಮೇಲೆ ನೀರು ಹನಿಸಿದರೆ ಎಳೆ ಬಾಳೆ ಎಲೆಯ ಮೇಲಿನಂತೆ ಗುಂಡಾಗಿ ಉರುಳಿ ಹೋಗುತ್ತದೆ. ನೀರೇ ನಿಲ್ಲದಿದ್ದರೆ ಬರ್ಫ ಎಲ್ಲಿ ಕೂರಬೇಕು? ವಾರಕ್ಕೊಮ್ಮೆ ಫ್ರೀಜರ್ ಬಂದ್ ಮಾಡಿ ಬರ್ಫ ಕೆತ್ತಿ ಬೇಸತ್ತ ಚಾಚಾ ಪರೀಕ್ಷೆಗೆ ಆ ಫ್ರೀಜರನ್ನೇ ಬಿಟ್ಟುಕೊಟ್ಟಿದ್ದರು. ಎಷ್ಟೋ ತಗಡು ಕೆಟ್ಟ ಮೇಲೆ ಒಂದು ಸರಿಯಾಗಿ ಬಂತು. ಮರುದಿನ ಕಾಲೇಜಿನ ಮೇಡಂ ಅದನ್ನು ನೋಡಿ ಒಪ್ಪಿದರೆ ಮಾತ್ರ ಪಾಸು.

ಆ ತಗಡು ನನ್ನ ಕಣ್ಣಿಗೆ ಹಿಟ್ಟು ಮೆತ್ತಿದಂತೆ ಮಂಕಾಗಿ ಕಂಡಿತು. ದೊಡ್ಡವರು ನೋಡಲು ಬರುವ ಸಾಮಾನು ಹೀಗಿರಬಾರದೆಂದು, ಊರಿಂದ ತಂದ ಬೂದಿ, ತೆಂಗಿನ ನಾರು ಹಿಡಿದು ಕುಳಿತೆ. ಅರ್ಧ ಫಳಫಳ ಹೊಳೆಯುವಷ್ಟರಲ್ಲಿ ಭಾಗ್ಯ ಬಂದಳು. ಬೈಯಲಿಲ್ಲ. ತಿಕ್ಕಿದ ಕಡೆ ನೀರು ಹನಿಸಿದಳು. ಅದು ಹರಡಿ ಅಲ್ಲೇ ನಿಂತಿತು.

"ಆಯಿ, ಇದಕ್ಕ ಹೊಳಪು ಬೇಕಾಗಿದ್ದಿಲ್ಲ," ಎಂದು ಗೋಡೆಗೆ ಮುಖ ಮಾಡಿ ಕುಳಿತಳು. ಅನ್ನ ಹಾಕಲು ಬಂದವಳು ಮೊಮ್ಮಗಳ ಒಂದು ವರ್ಷವನ್ನೇ ತಿಕ್ಕಿ ತೊಳೆದೆನಲ್ಲ ಎಂದುಕೊಂಡು ಬೂದಿ, ನಾರು ಎತ್ತಿ ಹೊರಗಿಟ್ಟೆ.

ಬೇರೆ ತಗಡು ಮಾಡಲು ಹೊತ್ತಿರಲಿಲ್ಲ. ಬೆಳಗ್ಗೆ ಅದನ್ನೇ ಫ್ರೀಜರಿನಲ್ಲಿ ನಿಲ್ಲಿಸಿದೆವು. ಚಾಚಾ ಮುಚ್ಚಳ ತೆಗೆಯುತ್ತ ಮುಚ್ಚುತ್ತ ಎಂದಿನಂತೆ ಕುಲ್ಫಿ ಮಾರಿದರು. ಮಧ್ಯಾಹ್ನ ಮೇಡಂ ಬಂದು ತಗಡು ಹೊರಗೆ ತೆಗೆಸಿದರು. ನಾನು ತಿಕ್ಕಿದ ಅರ್ಧ ಭಾಗ ಬರ್ಫ ಹೊದ್ದು ಬೆಳ್ಳಗಿತ್ತು. ತಿಕ್ಕದ ಅರ್ಧದಲ್ಲಿ ಅಲ್ಲೊಂದು ಇಲ್ಲೊಂದು ಬರ್ಫದ ಕಾಳು, ಅಷ್ಟೇ. ಭಾಗ್ಯ ಬೆರಳಿನಿಂದ ತಟ್ಟಿದ್ದೇ ಅವೂ ಉದುರಿದವು.

ಬೇರೆ ಹುಡುಗರು ಲೇಪ ಹಚ್ಚಿದ್ದೊಂದು, ಹಚ್ಚದ್ದೊಂದು ಎಂದು ಎರಡು ತಗಡು ತರುತ್ತಾರೆ, ಎರಡಕ್ಕೂ ಒಂದೇ ತಂಪು ತಾಗಿತೋ ಇಲ್ಲವೋ ಎಂಬ ತಕರಾರು ಮುಗಿಯುವುದಿಲ್ಲ, ಇಲ್ಲಿ ಒಂದರಲ್ಲೇ ಎರಡೂ ಇವೆ ಎಂದು ಮೇಡಂ ಮೆಚ್ಚಿದರು. ಈ ಕಡೆಯ ಲೇಪ ಯಾವುದರಿಂದ ತೆಗೆದೆ ಎಂದು ಕೇಳಿದರು. ಭಾಗ್ಯ ನನ್ನ ಕಡೆ ನೋಡಿದಳು.

"ಬೂದಿ ರೀ, ಮೇಡಂ. ಅಕಿ ತಪ್ಪಿಲ್ಲ, ನಾ ಕೆಡಿಸೀನಿ," ಎಂದೆ.

ಮೇಡಂ ನಕ್ಕುಬಿಟ್ಟರು. "ಹಂಗಾರ ಬೂದಿ ಅಂತೇ ಬರಿ, ಭಾಗ್ಯ. ಹೊತ್ತಾದ್ರ ಲೇಪ ಇದ್ದ ಕಡಿಗೂ ಬರ್ಫ ಬರ್ತದ, ತಿಕ್ಕಿದ್ರ ಲೇಪ ಹೋಗ್ತದ, ಅದೂ ಬರಿ. ಪಾಸ್ ಆದಿ."

ಚಾಚಾ ಮೆಲ್ಲಗೆ, "ಅಮ್ಮಾ, ನನ್ನ ಫ್ರೀಜರ್ ಮಾತ್ರ ತಿಕ್ಕಬ್ಯಾಡ್ರಿ," ಅಂದರು. ಹೆದರಿಕೆ ಇಳಿದ ಹೊಟ್ಟೆಗೆ ಮೂರು ಕುಲ್ಫಿ ಹಿಡಿಸಿದವು.

ಇದು ಮುಗಿದರೆ ಊರಿಗೆ ಹೊರಡುವುದೆಂದು ಮೊದಲೇ ಸೀರೆಗಳ ಗಂಟು ಕಟ್ಟಿಟ್ಟಿದ್ದೆ. ನಿನ್ನೆ ಸೊಸೆ ಕಮಲಾಪುರದಿಂದ ಫೋನ್ ಮಾಡಿ ಯಾವಾಗ ಬರುತ್ತೀರಿ ಅತ್ತಿ ಎಂದಳು. ಬಾಳೆ ಗೊನೆ ಬಿಟ್ಟಿದೆಯಂತೆ. ಕೇಳಿದ್ದೇ ತಡ, ಕಾಲು ಊರ ಕಡೆ ಎಳೆದವು. ಆದರೆ ಮೇಡಂ ಬರಿ ಅಂದದ್ದನ್ನು ಮತ್ತೆ ಪರೀಕ್ಷಿಸಲು ಭಾಗ್ಯ ಹೊಸದಾಗಿ ಮೂರು ತಗಡು ಮಾಡುತ್ತಿದ್ದಾಳೆ, ಅರ್ಧರ್ಧ ತಿಕ್ಕಲು ನನ್ನ ಕೈಯೇ ಬೇಕಂತೆ. ಬರುತ್ತೇನೆ ಎಂದು ಸೊಸೆಗೂ ಹೇಳಿದೆ, ಇರುತ್ತೇನೆ ಎಂದು ಇವಳಿಗೂ ಹೇಳಿದೆ. ಗಂಟಿನಿಂದ ಉಡಲು ಒಂದೇ ಸೀರೆ ತೆಗೆದು, ಉಳಿದದ್ದನ್ನು ಮತ್ತೆ ಕಟ್ಟಿಟ್ಟೆ.