ಕಪ್ಪು ಮೇಕೆಯ ಕೆಚ್ಚಲು ಬಾವು

ಕಾಗದನಗರದ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಮೂರು ಹಾಲಿನ ಮೇಕೆ ಸಾಕಿಕೊಂಡಿದ್ದೆ. ಅವುಗಳಲ್ಲಿ ಕಪ್ಪು ಮೇಕೆ ಮರಿ ಹಾಕಿದ ಐದನೆಯ ದಿನ ಬೆಳಿಗ್ಗೆ ತನ್ನ ಮರಿಯನ್ನೇ ಒದ್ದು ದೂಡಿತು. ಕೆಚ್ಚಲು ಮುಟ್ಟಿ ನೋಡಿದೆ. ಎಡಭಾಗ ಕಲ್ಲಿನಂತೆ ಗಟ್ಟಿ, ಸುಡುವಷ್ಟು ಬಿಸಿ. ಹಿಂಡಿದರೆ ಒಡೆದ ಮೊಸರಿನಂಥ ಗಂಟು, ಜೊತೆಗೆ ರಕ್ತದ ಎಳೆ.

"ದೃಷ್ಟಿ ತಾಗಿದೆ, ಮೆಣಸಿನಕಾಯಿ ನಿವಾಳ್ಸು" ಎಂದರು ಅತ್ತೆ.

"ಸುಮ್ನೆ ಮಾರ್ಬಿಡು ಮಾರಾಯ್ತಿ, ಇನ್ನು ಅದು ಹಾಲು ಕೊಡಲ್ಲ" ಎಂದರು ನನ್ನ ಗಂಡ. ಮಾರಿದರೆ ಅದು ಹೋಗುವುದು ಕಸಾಯಿಖಾನೆಗೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಡಾಕ್ಟ್ರು ನೋಡ್ಲಿ, ಆಮೇಲೆ ಮಾತು" ಎಂದು ಮೇಕೆಯನ್ನು ಲಗೇಜ್ ಆಟೋಗೆ ಹತ್ತಿಸಿ ಶಿವಮೊಗ್ಗಕ್ಕೆ ಹೊರಟೆ.

ವಿನೋಬನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಎರಡೂ ಮೊಲೆಯ ಹಾಲನ್ನು ಬಿಳಿ ತಟ್ಟೆಯ ಬೇರೆ ಬೇರೆ ಗುಳಿಗಳಿಗೆ ಹಿಂಡಿ, ನೇರಳೆ ದ್ರಾವಣ ಬೆರೆಸಿ ಅಲ್ಲಾಡಿಸಿದರು. ಬಲಗಡೆಯದು ತೆಳ್ಳಗೇ ಉಳಿಯಿತು. ಎಡಗಡೆಯದು ಲೋಳೆಯಾಯಿತು.

"ಕೆಚ್ಚಲು ಬಾವು. ಬ್ಯಾಕ್ಟೀರಿಯಾ ಒಳಗೆ ಸೇರಿದೆ. ಎಡಗಡೆ ಉಳಿಯೋದು ಕಷ್ಟ, ಮೇಕೆ ಉಳಿಸ್ಬಹುದು. ಐದು ದಿನ ಇಂಜೆಕ್ಷನ್. ದಿನಕ್ಕೆ ನಾಲ್ಕು ಸಲ ಪೂರ್ತಿ ಹಿಂಡಿ ಚೆಲ್ಬೇಕು. ಹಾಲು ಹಿಂಡೋಕೆ ಮೊದ್ಲು ಕೈ ತೊಳೀತೀರಾ?"

"ಬೆಳಿಗ್ಗೆ ಶುರು ಮಾಡೋವಾಗ ತೊಳೀತೀನಿ."

"ಒಂದು ಮೇಕೆಯಿಂದ ಇನ್ನೊಂದಕ್ಕೆ ಹೋಗೋವಾಗ?"

ಪಕ್ಕದ ಮನೆಯ ತಮಿಳು ಅಕ್ಕ ಕೈ ಮುರಿದುಕೊಂಡಿದ್ದರಿಂದ ಅವರ ಮೇಕೆಯನ್ನೂ ಒಂದು ವಾರದಿಂದ ನಾನೇ ಹಿಂಡುತ್ತಿದ್ದೆ. ನಮ್ಮವು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋಗುತ್ತಿದ್ದೆ.

ಮನೆಗೆ ಬಂದು ಮೇಕೆ ಕಟ್ಟಿದವಳೇ ಅವರ ಬಾಗಿಲಿಗೆ ಹೋದೆ. ಶಿವಮೊಗ್ಗದಿಂದ ಬರುವ ದಾರಿಯುದ್ದಕ್ಕೂ, ಹೇಳದೇ ಇದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದದ್ದು ನಿಜ.

"ಅಕ್ಕಾ, ನಮ್ಮ ಮೇಕೆ ಕಾಯಿಲೆ ನನ್ನ ಕೈಯಿಂದ ನಿಮ್ಮದಕ್ಕೂ ಬಂದಿರ್ಬಹುದು. ನಾಳೆ ಅದನ್ನೂ ತೋರಿಸ್ಬೇಕು."

"ಬೇರೆಯವರ ಬಾಯಿಂದ ಕೇಳಿದ್ರೆ ನಿನ್ ಜೊತೆ ಮಾತೇ ಬಿಡ್ತಿದ್ದೆ. ನಾಳೆ ನಾನೂ ಬರ್ತೀನಿ" ಎಂದರು ಅಕ್ಕ.

ಮರುದಿನ ಕ್ಲಿನಿಕ್ಕಿನಲ್ಲಿ, ಹೊರಗೆ ಏನೂ ಕಾಣದಿದ್ದರೂ ಅವರ ಮೇಕೆಯ ಹಾಲೂ ತಟ್ಟೆಯಲ್ಲಿ ತುಸು ಗಟ್ಟಿಯಾಯಿತು. ಕಾಯಿಲೆ ಬೇಗ ಗೊತ್ತಾದ್ದರಿಂದ ಅದು ಪೂರ್ತಿ ವಾಸಿಯಾಯಿತು.

ನಮ್ಮದರ ಪಾಡು ಬೇರೆ. ಎಡಭಾಗ ಮುಟ್ಟಿದರೆ ನಡುಗುತ್ತಿತ್ತು, ಕೊಂಬಿನಿಂದ ತಿವಿಯುತ್ತಿತ್ತು. ಆದರೂ ದಿನಕ್ಕೆ ನಾಲ್ಕು ಸಲ ಹಿಂಡಿದೆ. ಒಂದು ಸಲವೂ ಬಿಡಲಿಲ್ಲ. ಪ್ರತಿ ಮೇಕೆಗೂ ಸೋಪು, ಬೇರೆ ಬಟ್ಟೆ, ಕಾಯಿಲೆಯದು ಕೊನೆಗೆ. ಹಿಂಡಿದ ಮೇಲೆ ಮೊಲೆತೊಟ್ಟನ್ನು ಅಯೋಡಿನ್‌ನಲ್ಲಿ ಅದ್ದುವುದು. ಮೂರನೆಯ ದಿನ ಅತ್ತೆ ತಾವಾಗಿಯೇ ಬಂದು ಅದರ ಕೊಂಬು ಹಿಡಿದು ನಿಂತರು.

ಎಡಭಾಗ ಮೆಲ್ಲಗೆ ಬತ್ತಿ ಸಣ್ಣದಾಯಿತು. ಮೇಕೆ ಬದುಕಿತು. ಈ ವರ್ಷ ಅವಳಿ ಮರಿ ಹಾಕಿದೆ. ಇರುವ ಒಂದು ಮೊಲೆಗೆ ಎರಡೂ ಕಿತ್ತಾಡುತ್ತವೆ. ಒಂದು ಕುಡಿಯುವಾಗ ಇನ್ನೊಂದನ್ನು ತೊಡೆಯ ಮೇಲೆ ಹಿಡಿದು ಕೂರುವುದು ಈಗ ನನ್ನ ಬೆಳಗಿನ ಕೆಲಸ.