ಅಂಗಡಿ ಮುಖ

ಗಿರಿನಗರದಲ್ಲಿ ನನ್ನ ಅಕ್ಕ ಸಾಯುತ್ತಿದ್ದಳು. ಆಸ್ಪತ್ರೆ ಸಾಕು, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರೇ ಹೇಳಿದ್ದರು. ಎರಡನೇ ಕ್ಲಾಸಿನ ನನ್ನ ಮೊಮ್ಮಗಳು ರಜೆ ಬಂದರೆ ಅಕ್ಕನ ಜೊತೆ ಚೌಕಾಬಾರ ಆಡಿ, ಜಗಳ ಕಾದು ಬರುವವಳು. ದೊಡ್ಡಜ್ಜಿಯನ್ನು ನೋಡಲೇಬೇಕೆಂದು ಹಟ ಹಿಡಿದಳು.

"ಬೇಡ ಅತ್ತೆ, ಮಗು ಹೆದರ್ಕೊಳ್ಳತ್ತೆ" ಎಂದಳು ಸೊಸೆ.

"ತಯಾರು ಮಾಡಿ ಕರ್ಕೊಂಡು ಹೋಗ್ತೀನಿ" ಎಂದೆ.

ಜಯನಗರದಲ್ಲಿ ಸೀರೆ ಮಾರಿ ಬದುಕಿದವಳು ನಾನು. ಮೊದಲು ಫುಟ್‌ಪಾತಿನಲ್ಲಿ, ಆಮೇಲೆ ಸ್ವಂತ ಅಂಗಡಿಯಲ್ಲಿ. ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಗಿರಾಕಿ ಎಂಥ ರೇಟು ಕೇಳಿದರೂ ನಮ್ಮ ಮುಖದಲ್ಲಿ ಏನೂ ಕಾಣಬಾರದು. ಅದೇ ಅಂಗಡಿ ಮುಖ. ಮಗುವಿಗೂ ಅದನ್ನೇ ಕಲಿಸಿದೆ. ದೊಡ್ಡಜ್ಜಿ ಕಡ್ಡಿಯಾಗಿದ್ದಾಳೆ, ತಲೆಯಲ್ಲಿ ಕೂದಲಿಲ್ಲ, ಮೂಗಿನಲ್ಲಿ ಟ್ಯೂಬಿದೆ. ಏನು ಕಂಡರೂ ಅಂಗಡಿ ಮುಖ. ಅಳುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ನಾನೇ ಮಂಚದ ಮೇಲೆ ಮಲಗಿ, ತಲೆಗೆ ಟವೆಲ್ ಸುತ್ತಿಕೊಂಡು ನರಳಿ ಪ್ರಾಕ್ಟೀಸು ಮಾಡಿಸಿದೆ. ಹುಡುಗಿ ಚುರುಕು, ಒಂದು ಸಲವೂ ನಗಲಿಲ್ಲ.

ದಾರಿಯಲ್ಲಿ ಎಳನೀರು ಕೊಂಡೆ. ನೀವೂ ಅಷ್ಟೇ, ನುಂಗಲಾರದವರ ಮನೆಗೆ ಸೇಬು ಒಯ್ಯಬೇಡಿ. ಅಕ್ಕನ ಮಂಚದ ಪಕ್ಕ ಆಗಲೇ ಸೇಬಿನ ರಾಶಿ ಬಿದ್ದಿತ್ತು.

ಮಗು ಬಾಗಿಲ ಹತ್ತಿರ ನಿಂತು ನೆಟ್ಟಗೆ ನೋಡಿತು. ಮುಖ ಕಲ್ಲು. ನನಗೆ ಹೆಮ್ಮೆಯಾಯಿತು. ಅಕ್ಕ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಗೋಡೆ ಕಡೆ ತಿರುಗಿಕೊಂಡಳು.

"ಮಗೂಗೂ ನಾನು ಬೇಡವಾದೆ. ಯಾಕೆ ಕರ್ಕೊಂಬಂದೆ?" ಎಂದಳು ನನಗೆ.

"ಬೇಕು ದೊಡ್ಡಜ್ಜಿ. ಅಜ್ಜಿ ಅಳ್ಬಾರ್ದು ಅಂದಿದಾಳೆ, ಏನೂ ಕೇಳ್ಬಾರ್ದು ಅಂದಿದಾಳೆ."

ಅಕ್ಕ ಇತ್ತ ತಿರುಗಿದಳು. "ಇವಳು ಸಾವಿನ ಹತ್ರಾನೂ ಚೌಕಾಸಿ ಮಾಡ್ತಾಳೆ. ನೀನು ಕೇಳೇ."

"ಸತ್ತೋಗ್ತೀಯಾ?"

"ಹೂಂ ಕಣೆ."

"ನೋಯತ್ತಾ?"

"ರಾತ್ರಿ ನೋಯತ್ತೆ. ಔಷಧಿ ಕೊಡ್ತಾರೆ."

ಮಗು ಜೋರಾಗಿ ಅತ್ತಿತು. ಸುಮ್ಮನಿರಿಸಲು ನಾನು ಮುಂದೆ ಹೋದರೆ ಅಕ್ಕ ಕೈ ಅಡ್ಡ ಹಿಡಿದಳು.

"ಅಳ್ಲಿ ಬಿಡು. ಬಂದೋರೆಲ್ಲ ನಿನ್ನ ಥರಾನೇ, ಹಣ್ಣಿಟ್ಟು, ಚೆನ್ನಾಗಿದೀಯ ಅಂತ ಸುಳ್ಳು ಹೇಳಿ, ಗೇಟ್ ಹತ್ರ ಹೋಗಿ ಅಳ್ತಾರೆ. ಇಲ್ಲಿಗೇ ಕೇಳ್ಸತ್ತೆ."

ಮಗು ಮಂಚ ಹತ್ತಿ ಅವಳ ಪಕ್ಕದಲ್ಲಿ ಮಲಗಿತು. ಟ್ಯೂಬು ಹುಷಾರು ಎಂದೆ, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಷ್ಟು ದಿನ ಬಂದು ಹೋಗಿದ್ದರೂ ನಾನು ಆ ಕೋಣೆಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕುರ್ಚಿ ಎಳೆದುಕೊಂಡೆ.